ಬಿಡಿಡಿ ಚಾಳ್‌ಗಳು: 1920ರ ಯೋಜನೆ ಎಲ್ಲಿ ಮುಗ್ಗರಿಸಿತು, ಈಗ ಸರ್ಕಾರವೇ ಕೈಹಾಕಿದ್ದು ಏಕೆ?

ಊರ್ನೋಟ ಕೇಳಿದ್ದು:

ವಸತಿ ನೀತಿಯ ಬಗ್ಗೆ ಒಂದು ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಮುಂಬೈನ ಬಿಡಿಡಿ ಚಾಳ್‌ಗಳನ್ನು (1920ರ ದಶಕದಲ್ಲಿ ಕಾರ್ಮಿಕರಿಗೆಂದು ಸರ್ಕಾರ ಕಟ್ಟಿದ ಸಾಲುಖೋಲಿಗಳ ಕಟ್ಟಡಗಳು) ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಬ್ರಿಟಿಷ್ ಸರ್ಕಾರ 50,000 ಖೋಲಿ (ಒಂಟಿ ಕೋಣೆಯ ಮನೆ) ಕಟ್ಟುತ್ತೇವೆಂದು ಹೊರಟು 16,500ರ ಆಸುಪಾಸಿಗೆ ನಿಲ್ಲಿಸಿತು ಎಂಬುದು ಎಲ್ಲ ಕಡೆ ಸಿಗುತ್ತದೆ, ಏಕೆ ನಿಲ್ಲಿಸಿತು ಎಂಬುದಕ್ಕೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೊತ್ತಿರುವವರು ದಯವಿಟ್ಟು ಈ ಮೂರು ವಿಷಯ ಬಿಡಿಸಿ ಹೇಳಿ.

ಒಂದು, ಮನೆಗಳಿಗೆ ಅಷ್ಟೊಂದು ಹಾಹಾಕಾರವಿದ್ದ ಊರಿನಲ್ಲಿ ಹೊಸ ಚಾಳ್‌ಗಳು ಖಾಲಿ ಬಿದ್ದದ್ದು ಹೇಗೆ? ಎರಡು, ಈಗಿನ ಪುನರಾಭಿವೃದ್ಧಿಯನ್ನು ಖಾಸಗಿ ಬಿಲ್ಡರ್‌ಗೆ ಕೊಡದೆ ಮ್ಹಾಡಾ (ಮಹಾರಾಷ್ಟ್ರದ ವಸತಿ ಪ್ರಾಧಿಕಾರ) ಮೂಲಕ ಸರ್ಕಾರವೇ ಮಾಡುತ್ತಿರುವುದರ ಲೆಕ್ಕಾಚಾರ ಏನು? ಮೂರು, ಕೆಲಸ ನಿಜವಾಗಿ ಸಿಕ್ಕಿಬೀಳುವುದು ಎಲ್ಲಿ? ದುರಸ್ತಿ ಮಾಡಿ ಉಳಿಸಿಕೊಳ್ಳಬಹುದಿತ್ತು ಎನ್ನುವವರೂ ಇದ್ದಾರೆ, ಆ ಬಗ್ಗೆಯೂ ತಿಳಿಸಿ.

---

ಹಳೇಕಡತ ಉತ್ತರ:

ಮೊದಲ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ. ಎಷ್ಟು ಖೋಲಿ ಬೇಕು ಎಂದು ಸರ್ಕಾರ ಎಣಿಸಿತು. ಬಟ್ಟೆ ಗಿರಣಿಯ ಕಾರ್ಮಿಕ ಎಷ್ಟು ಬಾಡಿಗೆ ಕೊಡಬಲ್ಲ, ಎಲ್ಲಿ ಇರಬೇಕಾಗುತ್ತದೆ ಎಂದು ಎಣಿಸಲಿಲ್ಲ.

ಹಿನ್ನೆಲೆ ಹೀಗಿದೆ. 1896ರ ಪ್ಲೇಗ್ ಆದಮೇಲೆ 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು. ಅದು ಕಟ್ಟಿದ್ದು ಬಿಐಟಿ ಚಾಳ್. ಇದನ್ನೂ ಬಿಡಿಡಿಯನ್ನೂ ಕಲಸಿ ಬರೆಯುವವರು ಬಹಳ, ನಿಮ್ಮ ಟಿಪ್ಪಣಿಯಲ್ಲಿ ಅದಾಗದಿರಲಿ. ಅಂಬೇಡ್ಕರ್ ಅವರು ಪರೇಲ್‌ನಲ್ಲಿ ವಾಸವಿದ್ದದ್ದು ಬಿಐಟಿ ಚಾಳ್‌ನಲ್ಲಿ. ಬಿಡಿಡಿ ಎಂದರೆ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ, 1920ರಲ್ಲಿ ಶುರುವಾದ ಇಲಾಖೆ. 1921ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 11.75 ಲಕ್ಷ ದಾಟಿತ್ತು. ಅದರಲ್ಲಿ ಸುಮಾರು ಮೂರನೇ ಎರಡು ಪಾಲು ಜನ ಒಂದೇ ಖೋಲಿಯ ಮನೆಗಳಲ್ಲಿದ್ದರು. ಹಾಗಾಗಿ 50,000 ಎಂಬ ಗುರಿ ಅತಿಯಾಸೆಯೇನಲ್ಲ, ಕೊರತೆ ನಿಜವಾಗಿಯೂ ಇತ್ತು.

ಯೋಜನೆಯ ಅಚ್ಚು ಒಂದೇ. ನೆಲಮಹಡಿ ಸೇರಿ ನಾಲ್ಕು ಅಂತಸ್ತು, ಅಂತಸ್ತಿಗೆ 20 ಖೋಲಿ, ಒಂದು ಚಾಳ್‌ಗೆ 80. ಇಂಥವು 625 ಕಟ್ಟಿದರೆ 50,000. ಕೊನೆಗೆ ಎದ್ದು ನಿಂತದ್ದು 207: ವರ್ಲಿಯಲ್ಲಿ 121, ನಾಯಗಾಂವ್‌ನಲ್ಲಿ 42, ಡಿಲೈಲ್ ರೋಡ್‌ನಲ್ಲಿ (ಈಗಿನ ಎನ್.ಎಂ. ಜೋಶಿ ಮಾರ್ಗ) 32, ಶಿವಡಿಯಲ್ಲಿ 12. ಗುರಿಯ ಮೂರನೇ ಒಂದು ಪಾಲು.

ಈಗ ಹಣದ ಲೆಕ್ಕ ನೋಡಿ, ಗುಟ್ಟೆಲ್ಲ ಇರುವುದು ಅಲ್ಲೇ. ಬಂಡವಾಳ ಬಂದದ್ದು ಮುಖ್ಯವಾಗಿ ಶೇ. 6.5 ಬಡ್ಡಿಯ ಬಾಂಬೆ ಡೆವಲಪ್‌ಮೆಂಟ್ ಸಾಲಪತ್ರದಿಂದ. ಜೊತೆಗೆ ಊರಿಗೆ ಬರುವ ಹತ್ತಿಯ ಮೇಲೆ ಪ್ರತಿ ಬೇಲ್‌ಗೆ (ಒತ್ತಿ ಕಟ್ಟಿದ ಮೂಟೆಗೆ) ಒಂದು ರೂಪಾಯಿ ಸುಂಕ ಹಾಕಿದರು. ಯುದ್ಧ ಮುಗಿದ ಹೊಸದು, ಸಿಮೆಂಟು ಕಬ್ಬಿಣದ ದರ ಏರಿ ಕೂತಿತ್ತು. ಒಂದು ಖೋಲಿಗೆ ಸಾವಿರ ರೂಪಾಯಿ ಖರ್ಚೆಂದೇ ಹಿಡಿಯಿರಿ. ಬಡ್ಡಿಯೊಂದೇ ವರ್ಷಕ್ಕೆ 65 ರೂಪಾಯಿ, ತಿಂಗಳಿಗೆ ಸುಮಾರು ಐದೂವರೆ ರೂಪಾಯಿ. ಇದಕ್ಕೆ ಅಸಲು ತೀರಿಸುವ ಕಂತು, ತೆರಿಗೆ, ನೀರು, ದುರಸ್ತಿ, ಖಾಲಿ ಬಿದ್ದ ಖೋಲಿಗಳ ನಷ್ಟ ಸೇರಬೇಕು. ಅತ್ತ 1921–22ರಲ್ಲಿ ಬಾಂಬೆ ಲೇಬರ್ ಆಫೀಸ್ ಕಾರ್ಮಿಕ ಕುಟುಂಬಗಳ ಖರ್ಚುವೆಚ್ಚ ಸಮೀಕ್ಷೆ ಮಾಡಿತು. ಕುಟುಂಬದ ಸರಾಸರಿ ಆದಾಯ ತಿಂಗಳಿಗೆ 52 ರೂಪಾಯಿ ಚಿಲ್ಲರೆ. ಬಾಡಿಗೆಗೆ ಹೋಗುತ್ತಿದ್ದುದು ಖರ್ಚಿನ ಶೇ. 8ಕ್ಕಿಂತ ಕಡಿಮೆ, ಅಂದರೆ ನಾಲ್ಕು ರೂಪಾಯಿಯ ಒಳಗೇ. ಬಡ್ಡಿಯೇ ಅದನ್ನು ಮೀರಿದ ಮೇಲೆ ಬಾಡಿಗೆಯನ್ನು ಎಷ್ಟು ಇಳಿಸಿದರೂ ಯಾರಿಗೂ ಸಾಲದು: ಬಾಡಿಗೆದಾರನಿಗೆ ದುಬಾರಿ, ಖಜಾನೆಗೆ ನಷ್ಟ.

ಇನ್ನೊಂದು ಕಾರಣವನ್ನು ಯಾರೂ ಹೆಚ್ಚು ಹೇಳುವುದಿಲ್ಲ. 1918ರ ಬಾಡಿಗೆ ನಿಯಂತ್ರಣ ಕಾಯ್ದೆಯಿಂದ ಹಳೆಯ ಖಾಸಗಿ ಚಾಳ್‌ಗಳ ಬಾಡಿಗೆ ಕಟ್ಟಿಹಾಕಿದಂತಾಗಿತ್ತು. ಗಿರಣಿಯ ಪಕ್ಕದಲ್ಲೇ ಕಡಿಮೆ ಬಾಡಿಗೆಗೆ ಖೋಲಿ ಇದ್ದವನು ಅದನ್ನು ಬಿಟ್ಟು ಆಗ ಅಂಗಡಿಮುಂಗಟ್ಟೂ ಸರಿಯಾದ ವಾಹನ ಸೌಕರ್ಯವೂ ಇಲ್ಲದ ವರ್ಲಿಗೆ ಹೋಗಿ ಹೆಚ್ಚು ಕೊಡಲು ಏಕೆ ಒಪ್ಪುತ್ತಾನೆ? ಪಾಳಿಯ ಕೆಲಸ. ಊರಿನವರು, ನೆಂಟರು, ಸಾಲ ಕೊಡುವ ಅಂಗಡಿಯವನು, ಕೆಲಸ ಕೊಡಿಸುವ ಜಾಬರ್ ಎಲ್ಲರೂ ಗಿರಣಗಾಂವ್‌ನ (ಗಿರಣಿಗಳ ಪ್ರದೇಶದ) ಆ ಹಳೆಯ ಓಣಿಗಳಲ್ಲೇ ಇದ್ದರು. ಜೊತೆಗೆ 1922ರ ನಂತರ ಗಿರಣಿಗಳ ವ್ಯಾಪಾರ ಕುಸಿಯಿತು. 1924, 1925, 1928ರ ದೊಡ್ಡ ಮುಷ್ಕರಗಳಲ್ಲಿ ಸಾವಿರಾರು ಜನ ಕೊಂಕಣದ ಹಳ್ಳಿಗಳಿಗೆ ವಾಪಸಾದರು. ವರ್ಲಿಯ ಖಾಲಿ ಚಾಳ್‌ಗಳನ್ನು 1930ರ ಕಾನೂನುಭಂಗ ಚಳವಳಿಯಲ್ಲಿ ಸತ್ಯಾಗ್ರಹಿಗಳ ತಾತ್ಕಾಲಿಕ ಜೈಲಾಗಿ ಬಳಸಿದರು. ಮನೆಯೆಂದು ಕಟ್ಟಿದ್ದು ಜೈಲಿಗೂ ಒಗ್ಗಿತು ಎಂಬುದು ಅದರ ವಿನ್ಯಾಸದ ಬಗ್ಗೆ ಬಹಳ ಹೇಳುತ್ತದೆ.

ವಿನ್ಯಾಸದ ದೋಷ ಆಗಲೇ ಚರ್ಚೆಯಾಗಿತ್ತು. ಕಿಟಕಿಗೆ ತೆರೆಯುವ ಬಾಗಿಲಿನ ಬದಲು ಕಾಂಕ್ರೀಟಿನ ಓರೆ ಪಟ್ಟಿ ಕೂರಿಸಿದ್ದರು. ಬೆಳಕು ತಡೆಯಿತು, ಒಲೆಯ ಹೊಗೆ ಹೊರಗೆ ಹೋಗಲಿಲ್ಲ. ಮುಂದೆ ಅವನ್ನು ಬದಲಾಯಿಸಬೇಕಾಯಿತು. 1931ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ಆನ್ ಲೇಬರ್ ಕೂಡ ಈ ಚಾಳ್‌ಗಳನ್ನು ಮೆಚ್ಚಲಿಲ್ಲ.

---

ಅಳತೆಗೋಲು ಉತ್ತರ:

ಹಳೇಕಡತ ಅವರು ಹೇಳಿದ್ದಕ್ಕೆ ಒಂದು ತುಂಡು ಜೋಡಿಸಬೇಕು. ಚಾಳ್‌ಗಳನ್ನು ಬ್ಯಾಕ್ ಬೇ ಯೋಜನೆಯಿಂದ (ಸಮುದ್ರ ತುಂಬಿಸಿ ಹೊಸ ನೆಲ ಪಡೆಯುವ ಯೋಜನೆ) ಬೇರ್ಪಡಿಸಿ ನೋಡಿದರೆ 'ಸರ್ಕಾರದ ಹಸ್ತಕ್ಷೇಪ' ಅರ್ಥವಾಗುವುದಿಲ್ಲ.

ಅದೇ ಇಲಾಖೆಯ ಕೈಯಲ್ಲಿ ಬ್ಯಾಕ್ ಬೇ ಸಮುದ್ರ ತುಂಬಿಸುವ ಕೆಲಸ, ಕಾರ್ಮಿಕ ವಸತಿ, ಸಾಲ್ಸೆಟ್ ಕಡೆಯ ಉಪನಗರ ಬಡಾವಣೆಗಳು ಎಲ್ಲವೂ ಇದ್ದವು. ಬ್ಯಾಕ್ ಬೇ ಮೂಲ ಗುರಿ 1,145 ಎಕರೆ, ಎಂಟು ಬ್ಲಾಕ್. ಎರಡು ಕಡೆ ಅಂದಾಜು ತಪ್ಪಿತು. ಬಂದರಿನ ತಳದ ಜೇಡಿ ಎಣಿಸಿದ್ದಕ್ಕಿಂತ ಗಟ್ಟಿಯಾಗಿತ್ತು, 'ಸರ್ ಜಾರ್ಜ್ ಲಾಯ್ಡ್' ಎಂಬ ಡ್ರೆಜರ್ ಗಂಟೆಗೆ ಎತ್ತಬೇಕಾದಷ್ಟು ಎತ್ತಲಿಲ್ಲ. ಎತ್ತಿ ಸುರಿದ ಕೆಸರು ಕಲ್ಲುಗುಂಡುಗಳ ತಡೆಗೋಡೆಯ ಸಂದುಗಳಲ್ಲಿ ಸೋರಿ ಸಮುದ್ರಕ್ಕೇ ಮರಳಿತು. ಖರ್ಚಿನ ಅಂದಾಜು ಕೆಲವೇ ವರ್ಷಗಳಲ್ಲಿ ಸುಮಾರು ದುಪ್ಪಟ್ಟಾಯಿತು. ವಕೀಲ ಕೆ.ಎಫ್. ನಾರಿಮನ್ ಶಾಸನಸಭೆಯಲ್ಲೂ ಹೊರಗೂ ಇದನ್ನು ಬಿಡದೆ ಎತ್ತಿದರು. ಇಲಾಖೆಯ ಎಂಜಿನಿಯರ್ ಹಾರ್ವೆ ಹೂಡಿದ ಮಾನಹಾನಿ ಮೊಕದ್ದಮೆಯಲ್ಲಿ ಅವರು ಗೆದ್ದರು.

1926ರಲ್ಲಿ ಭಾರತ ಸರ್ಕಾರ ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸರ್ ಗ್ರಿಮ್‌ವುಡ್ ಮಿಯರ್ಸ್ ಅವರ ಸಮಿತಿ ನೇಮಿಸಿತು. ಪ್ರಾಂತ್ಯದ ಯೋಜನೆಯೊಳಗೆ ಮೇಲಿನ ಸರ್ಕಾರ ಕೈಹಾಕಿದ ಘಳಿಗೆ ಅದು. 1, 2, 7, 8ನೇ ಬ್ಲಾಕ್ ಮುಗಿಸಿ, ಉಳಿದ ನಾಲ್ಕನ್ನು ಕೈಬಿಡಲಾಯಿತು. ಕೊನೆಗೆ ದಕ್ಕಿದ್ದು 440 ಎಕರೆಯ ಹತ್ತಿರ. 7ನೇ ಬ್ಲಾಕ್ ಸೇನೆಗೆ ಹೋಯಿತು. ಇಂದು ನೋಡುವ ಮರೀನ್ ಡ್ರೈವ್ ಈ ಯೋಜನೆಯ ಉಳಿದ ಫಲ.

ನೆಲ ಮಾರಿ ಬಂದ ಲಾಭದಿಂದ ಇಡೀ ಅಭಿವೃದ್ಧಿ ತನ್ನ ಕಾಲ ಮೇಲೆ ನಿಲ್ಲುತ್ತದೆ ಎಂಬ ನಂಬಿಕೆ ಅಲ್ಲಿ ಕುಸಿಯಿತು. ಈಗಿನ ಬಿಡಿಡಿ ಪುನರಾಭಿವೃದ್ಧಿಯೂ ನೆಲದ ಬೆಲೆಯ ಮೇಲೆಯೇ ನಿಂತಿದೆ. ಆದ್ದರಿಂದ ಈ ಹಳೆಯ ಕಥೆ ನಿಮ್ಮ ಎರಡನೇ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು.

---

ನಕಾಶೆ ಉತ್ತರ:

ಎರಡನೆಯದು ಮತ್ತು ಮೂರನೆಯದಕ್ಕೆ ನನ್ನ ಉತ್ತರ.

ಚಾಳ್‌ಗಳ ಒಡೆತನ ರಾಜ್ಯ ಸರ್ಕಾರದ್ದು, ನೋಡಿಕೊಳ್ಳುತ್ತಿದ್ದುದು ಲೋಕೋಪಯೋಗಿ ಇಲಾಖೆ. ಒಬ್ಬ ಖೋಲಿದಾರನ ಪಾಲಿಗೆ ಇದ್ದದ್ದು 160 ಚದರ ಅಡಿ, ಶೌಚಾಲಯ ಅಂತಸ್ತಿಗೆ ಸಾಮೂಹಿಕ. ಐವರ ಮನೆಯಾದರೆ ತಲೆಗೆ 32 ಚದರ ಅಡಿ. ಖಾಸಗಿ ಬಿಲ್ಡರ್ ಬಂದು ಚಾಳ್‌ಚಾಳ್‌ಗೂ ಬೇರೆ ಸೊಸೈಟಿ ಮಾಡಿ ಒಪ್ಪಿಗೆ ಸಂಗ್ರಹಿಸುವ ಪದ್ಧತಿ ಇಲ್ಲಿ ಹೊಂದುತ್ತಿರಲಿಲ್ಲ. ರಸ್ತೆಗೆ ಹತ್ತಿರದ ಒಳ್ಳೆಯ ತುಂಡುಗಳು ಮೊದಲು ಹೋಗಿ, ಒಳಗಿನವು ಹಾಗೇ ಉಳಿಯುವ ಅಪಾಯ ಇತ್ತು. ಮಾರ್ಚ್ 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಮ್ಹಾಡಾವನ್ನು ನೋಡಲ್ ಸಂಸ್ಥೆಯಾಗಿ ನೇಮಿಸಿತು. ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ ಬಿಡಿಡಿಗೆಂದೇ 33(9)(ಬಿ) ಎಂಬ ನಿಯಮ ಸೇರಿತು, ಎಫ್‌ಎಸ್‌ಐ 4, ಅಂದರೆ ನಿವೇಶನದ ವಿಸ್ತೀರ್ಣದ ನಾಲ್ಕು ಪಟ್ಟು ಕಟ್ಟಬಹುದು. ಏಪ್ರಿಲ್ 2017ರಲ್ಲಿ ವರ್ಲಿಯ ಜಾಂಬೋರಿ ಮೈದಾನದಲ್ಲಿ ಭೂಮಿಪೂಜೆ. ಗುತ್ತಿಗೆದಾರರು ಕಟ್ಟುವವರು ಮಾತ್ರ, ಮಾರಾಟದ ಭಾಗ ಮ್ಹಾಡಾದ್ದು.

ಅಂಕಗಣಿತ ಇದು. ಶಿವಡಿ ಬಿಟ್ಟು ಉಳಿದ ಮೂರು ಕಡೆ ಸುಮಾರು 15,600 ಖೋಲಿ. ತಲಾ 500 ಚದರ ಅಡಿ ಕಾರ್ಪೆಟ್ (ಗೋಡೆಗಳೊಳಗಿನ ಬಳಕೆಯ ಜಾಗ) ಉಚಿತವಾಗಿ, ಮಾಲೀಕತ್ವದ ಹಕ್ಕಿನೊಡನೆ. ಅಂದರೆ 78 ಲಕ್ಷ ಚದರ ಅಡಿ ಕಾರ್ಪೆಟ್ ಯಾವ ಹಣವೂ ಬರದ ಕಟ್ಟಡ. ಗೋಡೆ, ಮೆಟ್ಟಿಲು, ಲಿಫ್ಟ್, ಪಾರ್ಕಿಂಗ್ ಸೇರಿಸಿದರೆ ಕಟ್ಟುವ ವಿಸ್ತೀರ್ಣ ಇನ್ನೂ ಬಹಳ ಹೆಚ್ಚು. ಅಷ್ಟರ ಖರ್ಚು, ಜೊತೆಗೆ ಬಾಡಿಗೆ, ರಸ್ತೆ, ಒಳಚರಂಡಿ, ಎಲ್ಲವೂ ಮಾರಾಟದ ಗೋಪುರಗಳಿಂದ ಬರಬೇಕು. ಕೊಡುವ ಹಣ ಮುಂದೆ ಓಡುತ್ತದೆ, ಬರುವ ಹಣ ಹಿಂದೆ ಬರುತ್ತದೆ. ಖಾಸಗಿಯವನು ಈ ಅಂತರದಲ್ಲಿ ಸಾಲದ ಬಡ್ಡಿಗೆ ಸಿಕ್ಕಿ ಕೆಲಸ ನಿಲ್ಲಿಸಿದರೆ ಬಾಡಿಗೆದಾರ ಬೀದಿಯಲ್ಲಿ. ಸರ್ಕಾರಿ ಸಂಸ್ಥೆ ಇರುವುದರ ನಿಜವಾದ ಪ್ರಯೋಜನ ಈ ಅಂತರವನ್ನು ಹೊತ್ತುಕೊಳ್ಳುವುದು. ನನ್ನ ಮಟ್ಟಿಗೆ ಈ ಒಂದು ಕಾರಣಕ್ಕೇ ಮ್ಹಾಡಾ ಆಯ್ಕೆ ಸರಿ.

ಕೆಲಸದ ಕ್ರಮ: ಬಯೋಮೆಟ್ರಿಕ್ ಸರ್ವೆ, ಅರ್ಹತಾ ಪಟ್ಟಿ, ಆಕ್ಷೇಪಣೆ ಮತ್ತು ಮೇಲ್ಮನವಿ, ಹೊಸ ಮನೆಯ ಲಾಟರಿ, ನೋಂದಾಯಿತ ಕರಾರು, ಖೋಲಿ ಖಾಲಿ ಮಾಡುವುದು, ಟ್ರಾನ್ಸಿಟ್ (ತಾತ್ಕಾಲಿಕ) ಮನೆ ಅಥವಾ ತಿಂಗಳಿಗೆ 25,000 ರೂ. ಬಾಡಿಗೆ, ಚಾಳ್ ಕೆಡವುವುದು, ಕಟ್ಟುವುದು, ವಾಸಯೋಗ್ಯ ಪ್ರಮಾಣಪತ್ರ, ಬೀಗದ ಕೈ. ಲಾಟರಿ ಖಾಲಿ ಮಾಡುವ *ಮೊದಲು* ಆಗಬೇಕು, ಯಾವ ಗೋಪುರ, ಯಾವ ಮಹಡಿ, ಯಾವ ನಂಬರ್ ಎಂಬುದು ಕರಾರಿನಲ್ಲೇ ಬರೆದಿರಬೇಕು. ನಾಯಗಾಂವ್ ಮತ್ತು ಎನ್.ಎಂ. ಜೋಶಿ ಮಾರ್ಗದ ಜನ ಮೊದಲು ಕರಾರು, ಆಮೇಲೆ ಖಾಲಿ ಎಂದು ಪಟ್ಟು ಹಿಡಿದದ್ದು ನೂರಕ್ಕೆ ನೂರು ನ್ಯಾಯ.

ಸಿಕ್ಕಿಬೀಳುವುದು ಅರ್ಹತೆಯಲ್ಲಿ. ನೂರು ವರ್ಷದಲ್ಲಿ ಖೋಲಿಗಳು ಕೈಬದಲಾಗಿವೆ. ಬಾಡಿಗೆ ರಸೀದಿ ಅಜ್ಜನ ಹೆಸರಲ್ಲಿ, ವಾಸ ಮೊಮ್ಮಗನದು. ಇಲ್ಲವೇ ದುಡ್ಡು ಕೊಟ್ಟು ಕೊಂಡವನ ಬಳಿ ಇರುವುದು ಒಂದು ನೋಟರಿ ಕಾಗದ ಮಾತ್ರ. ಒಂದು ಚಾಳ್‌ನ 80ರಲ್ಲಿ ಐದು ಖೋಲಿಯ ತಕರಾರು ಉಳಿದರೂ ಆ ಚಾಳ್ ಕೆಡವಲಾಗದು. ಆ ಜಾಗದಲ್ಲಿ ಬರಬೇಕಾದ ಗೋಪುರ ನಿಂತರೆ ಮುಂದಿನ ಹಂತದ ಚಾಳ್‌ಗಳೂ ನಿಲ್ಲುತ್ತವೆ. ಗೋಪುರದಲ್ಲಿ ಅರ್ಧ ಕೆಲಸ ಎಂಬುದಿಲ್ಲ.

---

ಊರ್ನೋಟ:

ಎಲ್ಲರಿಗೂ ಧನ್ಯವಾದ. ಬಡ್ಡಿಯ ಲೆಕ್ಕ ನೋಡಿದ ಮೇಲೆ ಚಿತ್ರ ಬಹಳ ತಿಳಿಯಾಯಿತು. ಎರಡು ಉಪಪ್ರಶ್ನೆ: ಚಾಳ್‌ಗಳಲ್ಲಿದ್ದ ಪೊಲೀಸ್ ಕುಟುಂಬಗಳ ಕಥೆ ಏನು? ಶಿವಡಿ ಏಕೆ ಹಿಂದೆ ಬಿತ್ತು? ದುರಸ್ತಿಯ ಬಗ್ಗೆ ಯಾರೂ ಹೇಳಲಿಲ್ಲ.

---

ನಕಾಶೆ ಉತ್ತರ:

ಪೊಲೀಸರದು ಸೇವಾ ವಸತಿ, ಹಾಗಾಗಿ ಕಾನೂನಿನ ಪ್ರಕಾರ ನಿವೃತ್ತಿಗೆ ಖಾಲಿ ಮಾಡಬೇಕು. ಆದರೆ ತಲೆಮಾರಿನಿಂದ ಅಲ್ಲೇ ಇದ್ದ ಕುಟುಂಬಗಳಿದ್ದವು. 2011ರ ಜನವರಿ 1ಕ್ಕೆ ಮೊದಲಿನಿಂದ ಇರುವವರಿಗೆ ಮನೆ ಕೊಡಲು ಸರ್ಕಾರ ಒಪ್ಪಿತು, ಉಚಿತವಾಗಿ ಅಲ್ಲ. 2022ರಲ್ಲಿ ಮೊದಲು ಹೇಳಿದ ದರ 50 ಲಕ್ಷ, ಆಮೇಲೆ 25 ಲಕ್ಷ, ಕೊನೆಗೆ 15 ಲಕ್ಷಕ್ಕೆ ಇಳಿಯಿತು. ಶಿವಡಿಯ 12 ಚಾಳ್ ಇರುವ ನೆಲ ಬಂದರು ಪ್ರಾಧಿಕಾರದ್ದು, ಅಂದರೆ ಕೇಂದ್ರದ ಅಧೀನ. ರಾಜ್ಯ ಎಷ್ಟೇ ಆದೇಶ ಹೊರಡಿಸಿದರೂ ನೆಲದ ಒಡೆಯ ಒಪ್ಪದೆ ಒಂದು ಇಟ್ಟಿಗೆ ಅಲುಗದು. ಅಲ್ಲಿನ 960 ಖೋಲಿಗಳಿಗೆ ಪ್ರತ್ಯೇಕ ಮಾರ್ಗ ಬೇಕು.

---

ಕಾಂಕ್ರೀಟ್‌ಕಣ್ಣು ಉತ್ತರ:

ದುರಸ್ತಿ ವಿಷಯ ನಾನು ಹೇಳುತ್ತೇನೆ. 1920ರ ದಶಕದ ಆರ್‌ಸಿಸಿ, ಅಂದರೆ ಒಳಗೆ ಕಬ್ಬಿಣದ ಕಂಬಿ ಇರುವ ಕಾಂಕ್ರೀಟ್. ಕಡಲ ಗಾಳಿಯ ಉಪ್ಪು ಒಂದು ಕಡೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗಿಳಿದು ಕಾಂಕ್ರೀಟಿನ ಕ್ಷಾರ ಕಡಿಮೆಯಾಗುವುದು ಇನ್ನೊಂದು ಕಡೆ. ಎರಡೂ ಕಂಬಿಯವರೆಗೆ ತಲುಪಿದ ಮೇಲೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಒಳಗಿಂದ ಒತ್ತಿ ಹೊದಿಕೆಯನ್ನು ಕಳಚುತ್ತದೆ. ಸಾಮೂಹಿಕ ಶೌಚಾಲಯದ ಸುತ್ತ, ನೀರಿನ ಪೈಪ್ ಹಾದುಹೋಗುವ ಕಡೆ ಇದು ಮೊದಲು ಕಾಣುತ್ತದೆ.

ಮೇಲೆ ಗಿಲಾವು ಹಚ್ಚಿದರೆ ತುಕ್ಕು ನಿಲ್ಲದು. ಸರಿಯಾದ ದುರಸ್ತಿ ಎಂದರೆ ಕಂಬಿಯ ಹಿಂದಿನವರೆಗೆ ಕಾಂಕ್ರೀಟ್ ಒಡೆದು, ತುಕ್ಕು ಉಜ್ಜಿ, ತೆಳುವಾದ ಕಡೆ ಹೊಸ ಕಂಬಿ ಸೇರಿಸಿ, ಮತ್ತೆ ತುಂಬಬೇಕು. ಉಪ್ಪು ಹಿಡಿದ ಕಾಂಕ್ರೀಟನ್ನು ಪಕ್ಕದಲ್ಲೇ ಬಿಟ್ಟು ಒಂದು ತೇಪೆ ಹಾಕಿದರೆ, ತೇಪೆಯ ಅಂಚಿನಲ್ಲಿ ಹಳೆಯ ಭಾಗ ಇನ್ನೂ ಬೇಗ ತುಕ್ಕು ಹಿಡಿಯುತ್ತದೆ. ಕಂಬಗಳಿಗೆ ಜಾಕೆಟಿಂಗ್ (ಸುತ್ತ ಹೊಸ ಕಾಂಕ್ರೀಟಿನ ಕವಚ) ಮಾಡಿದರೆ ಪ್ರತಿ ಬದಿಗೂ ಕನಿಷ್ಠ ಮೂರ್ನಾಲ್ಕು ಅಂಗುಲ ದಪ್ಪ ಏರುತ್ತದೆ, 160 ಚದರ ಅಡಿಯಲ್ಲಿ ಅದೂ ಹೋಗುತ್ತದೆ. ಇಷ್ಟೆಲ್ಲ ಮಾಡಲು ಮನೆ ಖಾಲಿ ಮಾಡಿಸಲೇಬೇಕು, ಮಾಡಿದ ಮೇಲೂ ಶೌಚಾಲಯ ಸಾಮೂಹಿಕವೇ. ಆದ್ದರಿಂದ ಎಲ್ಲವನ್ನೂ ಉಳಿಸಬೇಕಿತ್ತು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಇತಿಹಾಸದ ನೆನಪಿಗೆ ಒಂದೆರಡು ಚಾಳ್ ಉಳಿಸುವುದು ಬೇರೆ ವಿಷಯ, ಅದನ್ನು ಖಂಡಿತ ಮಾಡಬೇಕು.

ನನ್ನ ಆತಂಕ ಬೇರೆ ಕಡೆ ಇದೆ: ಸಾಂದ್ರತೆ. ವರ್ಲಿಯ ಸುಮಾರು 60 ಎಕರೆಗೆ ಹಳೆಯ ಖೋಲಿಗಳು ಸುಮಾರು 9,700, ಎಕರೆಗೆ 160ರ ಲೆಕ್ಕ. ಚಾಳ್‌ಗಳ ನಡುವೆ ಮಕ್ಕಳು ಆಡುವಷ್ಟು, ಗಣಪತಿ ಕೂರಿಸುವಷ್ಟು ಬಯಲು ಇತ್ತು. ಈಗ ಮಾರಾಟದ ಗೋಪುರಗಳಿಗೆ ಜಾಗ ಬಿಟ್ಟು ಅಷ್ಟೇ ಕುಟುಂಬಗಳನ್ನು ಅರ್ಧ ಜಾಗಕ್ಕೆ ಒತ್ತಿದರೆ ಆ ಭಾಗದಲ್ಲಿ ಎಕರೆಗೆ 320 ಮನೆ. ಮನೆ ದೊಡ್ಡದಾಯಿತು, ನಿಜ, ಆದರೆ 40 ಮಹಡಿಯ ಗೋಪುರಗಳು ಹತ್ತಿರ ಹತ್ತಿರ ನಿಂತರೆ ಕೆಳಗಿನ ಮಹಡಿಗಳಿಗೆ ಬಿಸಿಲು ತಲುಪುವುದಿಲ್ಲ. ಗೋವಂಡಿ ಕಡೆಯ ನಟವರ್ ಪಾರೇಖ್ ಕಾಂಪೌಂಡ್, ಲಲ್ಲುಭಾಯಿ ಕಾಂಪೌಂಡ್‌ಗಳಲ್ಲಿ ಬೆಳಕು ಗಾಳಿಯ ಕೊರತೆಗೂ ಕ್ಷಯಕ್ಕೂ ಇರುವ ನಂಟನ್ನು ಡಾಕ್ಟರ್ಸ್ ಫಾರ್ ಯೂ ಮತ್ತು ಐಐಟಿ ಬಾಂಬೆಯವರ ಅಧ್ಯಯನ ತೋರಿಸಿದೆ. ಅಲ್ಲಿನ ಕಟ್ಟಡಗಳು ಏಳೆಂಟು ಮಹಡಿಯವು, ಗೋಡೆಗೋಡೆ ಹತ್ತಿರ. ಇಲ್ಲಿ ಅಂತರ ಅದಕ್ಕಿಂತ ಹೆಚ್ಚಿದ್ದರೂ ಎತ್ತರ ಐದು ಪಟ್ಟು. ನಕ್ಷೆ ನೋಡುವಾಗ ಎಫ್‌ಎಸ್‌ಐ ಅಂಕಿ ನೋಡಿ ಬಿಡಬೇಡಿ, ಎರಡು ಗೋಪುರಗಳ ನಡುವಿನ ಅಂತರವನ್ನು ಎತ್ತರಕ್ಕೆ ಹೋಲಿಸಿ, ಡಿಸೆಂಬರ್ 21ರ ಮಧ್ಯಾಹ್ನದ ನೆರಳು ಎಲ್ಲಿಯವರೆಗೆ ಬೀಳುತ್ತದೆ ಎಂದು ಎಳೆದು ನೋಡಿ.

---

ಹಳೇಕಡತ ಉತ್ತರ:

ನಿರ್ವಹಣಾ ಖರ್ಚನ್ನೂ ಸೇರಿಸಿ. ವರ್ಲಿಯಲ್ಲಿ ಮೊದಲ 556 ಮನೆಗಳ ಬೀಗದ ಕೈ ಕೊಟ್ಟದ್ದು ಆಗಸ್ಟ್ 2025ರಲ್ಲಿ. ಅಂದರೆ ಭೂಮಿಪೂಜೆಯಿಂದ ಎಂಟು ವರ್ಷ ದಾಟಿದ ಮೇಲೆ. ನಾಲ್ಕು ಅಂತಸ್ತಿನ ಚಾಳ್‌ನಲ್ಲಿ ಲಿಫ್ಟ್ ಇರಲಿಲ್ಲ, ಪಂಪು ಚಿಕ್ಕದು. 40 ಮಹಡಿಯಲ್ಲಿ ಲಿಫ್ಟ್‌ಗಳ ವಾರ್ಷಿಕ ಗುತ್ತಿಗೆ, ಬೆಂಕಿ ನಂದಿಸುವ ಪಂಪುಗಳು, ನೀರು ಮೇಲೇರಿಸುವ ವಿದ್ಯುತ್, ಜನರೇಟರ್, ಕೊಳಚೆ ಶುದ್ಧೀಕರಣ ಘಟಕ, ಕಾವಲು, ಎಲ್ಲವೂ ಪ್ರತಿ ತಿಂಗಳ ಬಿಲ್ಲಿಗೆ ಬರುತ್ತವೆ. ಕಾರ್ಪಸ್ ನಿಧಿ (ಬಡ್ಡಿಯಿಂದ ನಿರ್ವಹಣೆ ನಡೆಸಲೆಂದು ಇಡುವ ಮೂಲಧನ) ಇಟ್ಟರೆ ಸಾಕು ಎನ್ನುವವರಿಗೆ ಸರಳ ಲೆಕ್ಕ: ಒಂದು ಮನೆಯ ಹೆಸರಿನಲ್ಲಿ ಒಂದು ಲಕ್ಷ ರೂಪಾಯಿ ಶೇ. 7ರ ಬಡ್ಡಿಗೆ ಇಟ್ಟರೆ ತಿಂಗಳಿಗೆ ಬರುವುದು 583 ರೂಪಾಯಿ. ಬಿಲ್ಲು ಮೂರು ಸಾವಿರ ಎಂದುಕೊಂಡರೆ ಐದು ಲಕ್ಷಕ್ಕೂ ಹೆಚ್ಚು ಇಡಬೇಕು, ಅದೂ ಬೆಲೆಯೇರಿಕೆ ಲೆಕ್ಕಕ್ಕೆ ತೆಗೆದುಕೊಳ್ಳದೆ.

1920ರಲ್ಲಿ ಖೋಲಿ ಕೊಟ್ಟರು, ಬಾಡಿಗೆ ಕೊಡಲಾಗದೆ ಜನ ಬರಲಿಲ್ಲ. ಈಗ ಮನೆ ಉಚಿತ, ತಿಂಗಳ ಬಿಲ್ಲು ಕಟ್ಟಲಾಗದೆ ಮಾರಿ ಹೋದರೆ ನಗರದ ನಡುವೆ ಕೆಲಸಗಾರರನ್ನು ಉಳಿಸಿಕೊಳ್ಳುವ ಉದ್ದೇಶ ಮತ್ತೆ ತಪ್ಪಿದಂತೆ. ನಿಮ್ಮ ಟಿಪ್ಪಣಿಯಲ್ಲಿ ಮೂರು ಕಡೆಯ ಕಾರ್ಪಸ್ ಮೊತ್ತ, ಅದು ಸೊಸೈಟಿಯ ಖಾತೆಗೆ ಬರುವ ದಿನ, ಗುತ್ತಿಗೆದಾರನ ದೋಷ ಸರಿಪಡಿಸುವ ಅವಧಿ ಇವುಗಳನ್ನು ಕರಾರಿನ ಪ್ರತಿಯಿಂದಲೇ ತೆಗೆದು ಒಂದು ಕೋಷ್ಟಕದಲ್ಲಿ ಹಾಕಿ. ಪತ್ರಿಕಾ ಹೇಳಿಕೆಯಿಂದ ಬೇಡ.

---

ನಕಾಶೆ ಉತ್ತರ:

ಅದಕ್ಕೆ ಇನ್ನೊಂದು ಕಾಲಂ ಸೇರಿಸಿ: ಸೊಸೈಟಿ ನೋಂದಣಿಯ ದಿನ. ಕೀಲಿ ಕೊಟ್ಟ ದಿನಕ್ಕೂ ಸೊಸೈಟಿ ನೋಂದಣಿಗೂ ನಡುವೆ ತಿಂಗಳುಗಟ್ಟಲೆ ಅಂತರ ಬಿದ್ದರೆ ಲಿಫ್ಟ್ ಗುತ್ತಿಗೆಗೆ ಸಹಿ ಹಾಕುವವರೇ ಇರುವುದಿಲ್ಲ. ಕಾರ್ಪಸ್ ಖಾತೆ ತೆರೆಯಲೂ ಸೊಸೈಟಿಯ ನೋಂದಣಿ ಪತ್ರ ಬೇಕು.